ಎಂಜಿನ್ನಿನ ಒಳಗಿನ ಕತ್ತಲೆ ನಿವಾರಣೆ ಕುರಿತು

ಯಾವುದೇ ತೂತು ಕಂಡರೂ ಸೊಂಟ ಬಗ್ಗಿಸಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಒಳಗೆ ನೋಡುವುದು ನಮ್ಮ ಅಧ್ಯಕ್ಷರ ಅಭ್ಯಾಸ. ಬೀಗದ ತೂತು, ಪೈಪಿನ ತುದಿ, ಸುರುಳಿ ಸುತ್ತಿದ ನಕ್ಷೆ, ಕುಡಿದು ಖಾಲಿಯಾದ ಲೋಟ, ಯಾವುದಕ್ಕೂ ಭೇದವಿಲ್ಲ. ನೋಡಿದ ಮೇಲೆ ನೆಟ್ಟಗೆ ನಿಂತು ಒಂದು ಮಾತು ಹೇಳುತ್ತಾರೆ. ಪಕ್ಕದಲ್ಲಿದ್ದವರು ಅದನ್ನು ಬರೆದುಕೊಳ್ಳುತ್ತಾರೆ. ದೇಶದ ಬಾಹ್ಯಾಕಾಶ ಕಾರ್ಯಕ್ರಮ ಮುಂದುವರಿದು ಬಂದಿರುವುದು ಬಹುಮಟ್ಟಿಗೆ ಹೀಗೆಯೇ.

ನಮ್ಮ ಕಾರ್ಖಾನೆಯಲ್ಲಿ ತಯಾರಾಗುವುದು ಕ್ರಯೋಜೆನಿಕ್ ಎಂಜಿನ್. ಊಹೆಗೂ ನಿಲುಕದಷ್ಟು ತಣ್ಣಗಿರುವ ದ್ರವ ಜಲಜನಕ ಮತ್ತು ದ್ರವ ಆಮ್ಲಜನಕವನ್ನು ಒಂದು ತುದಿಯಿಂದ ಕುಡಿದು, ಇನ್ನೊಂದು ತುದಿಯಿಂದ ಬೆಂಕಿ ಉಗುಳಿ ರಾಕೆಟ್ಟನ್ನು ತಳ್ಳುವ ಯಂತ್ರ ಅದು. ಒಂದು ಹೊಸ ಮಾದರಿಯ ಮೊದಲ ಎಂಜಿನ್ ಆಗುವಷ್ಟರಲ್ಲಿ ಅದರ ಕೆಲಸಕ್ಕೆಂದು ಸೇರಿದ ಹುಡುಗರಿಗೆ ತಲೆ ಬೆಳ್ಳಗಾಗಲು ಶುರುವಾಗಿರುತ್ತದೆ. ಒಳಗೆ ಒಂದು ಬೆರಳಿನ ಜಿಡ್ಡು ಉಳಿದರೂ ಆಮ್ಲಜನಕ ಸೋಕಿದ ಕೂಡಲೇ ಹೊತ್ತಿಕೊಳ್ಳುತ್ತದೆಯಾದ್ದರಿಂದ, ಜೋಡಣೆ ಕೋಣೆಯೊಳಗೆ ಹೋಗುವವರು ಕಣ್ಣೊಂದು ಬಿಟ್ಟು ಮಿಕ್ಕೆಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಮುಚ್ಚಿಕೊಳ್ಳಬೇಕು. ಅಲ್ಲಿ ಯಾರು ಯಾರೆಂದು ಗೊತ್ತಾಗುವುದು ಕೆಮ್ಮಿನಿಂದ.

ಆ ಕೋಣೆಯ ಮುಖ್ಯಸ್ಥೆ ದೊಡ್ಡಕ್ಕ. ಕಡತಗಳಲ್ಲಿ ಅವರಿಗೆ ಬೇರೊಂದು ಹೆಸರಿದೆ, ಯಾರೂ ಬಳಸುವುದಿಲ್ಲ. ಕಾರ್ಖಾನೆಯ ನಿರ್ದೇಶಕರು ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರಾದರೂ, ಎಂಜಿನ್ ತಡವಾದಾಗ "ದೊಡ್ಡಕ್ಕ" ಎಂದೂ ಎಂಜಿನ್ ಮುಗಿದಾಗ "ಮೇಡಂ" ಎಂದೂ ಕರೆಯುತ್ತಾರೆ.

ನನ್ನ ಕೆಲಸ ವಿವರಣಾ ಶಾಖೆಯಲ್ಲಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ತಪ್ಪು ಬರೆಯಲಾರಳು ಎಂಬ ನಂಬಿಕೆಯಿಂದ ಫಲಕಗಳನ್ನು ಬರೆಯಲು ನನಗೆ ಕೊಟ್ಟಿದ್ದರು. ಮಾತು ಕಡಿಮೆ ಎಂಬ ಕಾರಣಕ್ಕೆ ಸಭೆಗಳ ನಡಾವಳಿ ಬರೆಯಲೂ ನನ್ನನ್ನೇ ಕೂರಿಸುತ್ತಿದ್ದರು. ನಮ್ಮ ಸಭೆಗಳಲ್ಲಿ ಒಂದು ನಿಯಮವಿದೆ: ಕೇಳಿದ್ದಕ್ಕೆ ಯಾರಾದರೂ ಉತ್ತರ ಕೊಡದಿದ್ದರೆ ಅವರು ಒಪ್ಪಿದ್ದಾರೆ ಎಂದು ಬರೆದುಕೊಳ್ಳತಕ್ಕದ್ದು. ಆ ಪ್ರಕಾರ, ಕೆಲಸಕ್ಕೆ ಸೇರಿದಾಗಿನಿಂದ ನಾನು ಎಲ್ಲವನ್ನೂ ಒಪ್ಪಿದ್ದೇನೆ.

ದೊಡ್ಡಕ್ಕನ ತಂಡ ಪೂರ್ತಿ ತಮ್ಮದೇ ಕೈಯಿಂದ ಮಾಡಿದ ಮೊದಲ ಎಂಜಿನ್ ಸಿದ್ಧವಾದಾಗ ಅಧ್ಯಕ್ಷರು ನೋಡಲು ಬಂದರು. ಅದಕ್ಕೆ ಮುಂಚಿನದು ಬೇರೆಯವರ ನಕ್ಷೆ, ಬೇರೆಯವರ ಪಂಪು. ನಮ್ಮವರು ಬಿಗಿದದ್ದು ಬೋಲ್ಟು ಮಾತ್ರ. ಈ ಹೊಸ ಎಂಜಿನ್ ಮಾರನೆಯ ವಾರ ಉರಿಕಟ್ಟೆಗೆ ಹೋಗಬೇಕಿತ್ತು. ಉರಿಕಟ್ಟೆ ಎಂದರೆ ಊರಾಚೆ, ಎಂಜಿನ್ನನ್ನು ತೂಗುಹಾಕಿ ನಿಜವಾಗಿ ಉರಿಸಿ ನೋಡುವ ದಪ್ಪ ಗೋಡೆಯ ಕಟ್ಟಡ. ಅಲ್ಲಿನ ಉಸ್ತುವಾರಿ ದೊಡ್ಡಕ್ಕನ ಒಡಹುಟ್ಟಿದ ತಮ್ಮನದು.

ಅಧ್ಯಕ್ಷರು ಎಂಜಿನ್ನಿನ ಸುತ್ತ ಒಂದು ಸುತ್ತು ಬಂದರು. ಬೆಂಕಿ ಹೊರಬರುವ ಗಂಟೆಯಾಕಾರದ ದೊಡ್ಡ ಬಾಯಿ ಅವರ ಕಣ್ಣಿಗೆ ಬಿತ್ತು. ಸೊಂಟ ಬಗ್ಗಿತು. ಎಡಗಣ್ಣು ಮುಚ್ಚಿತು. ಬಹಳ ಹೊತ್ತು ನೋಡಿದರು.

"ಒಳಗೆ ಕತ್ತಲೆ ಇದೆಯಲ್ಲ," ಎಂದು ಹೇಳಿ, ಕಾರು ಹತ್ತಿ ಹೊರಟುಹೋದರು.

ಮಧ್ಯಾಹ್ನವೇ ತುರ್ತು ಸಭೆ ಕರೆಯಲಾಯಿತು. ವಿಷಯ: ಎಂಜಿನ್ನಿನ ಒಳಗಿನ ಕತ್ತಲೆ ನಿವಾರಣೆ ಕುರಿತು.

"ಎಂಜಿನ್ ಅಂದ್ರೆ ಒಳಗೆ ಕತ್ತಲೇನೇ ಇರುತ್ತೆ ಸರ್," ಎಂದರು ದೊಡ್ಡಕ್ಕ. "ಉರಿದಾಗ ಬೆಳಕಾಗುತ್ತೆ."

"ಅದನ್ನ ಅಧ್ಯಕ್ಷರಿಗೆ ನೀವು ಹೇಳ್ತೀರೋ ನಾನು ಹೇಳ್ಲೋ?" ಎಂದು ನಿರ್ದೇಶಕರು ಕೇಳಿದರು.

ಯಾರೂ ಹೇಳುವುದಿಲ್ಲ ಎಂದು ತೀರ್ಮಾನವಾಯಿತು. ಒಳಗೆ ಬಲ್ಬು ಇಳಿಬಿಟ್ಟು ನೋಡಲಾಯಿತು. ಬಲ್ಬು ಕಂಡಿತು, ಬೇರೇನೂ ಕಾಣಲಿಲ್ಲ. ಕನ್ನಡಿ ಹಿಡಿದು ನೋಡಲಾಯಿತು. ನಿರ್ದೇಶಕರ ಮೂಗು ಕಂಡಿತು. ಕೊನೆಗೆ ಅವರೇ ಪರಿಹಾರ ಸೂಚಿಸಿದರು.

"ಉದ್ದಕ್ಕೆ ಸೀಳಿಬಿಡೋಣ. ಕಲ್ಲಂಗಡಿ ಹಣ್ಣಿನ ಥರ. ಒಳಗಿರೋದೆಲ್ಲ ಕಾಣುತ್ತೆ."

"ಸೀಳಿದ್ರೆ ಮತ್ತೆ ಉರಿಯೋದಿಲ್ಲ ಸರ್."

"ಉರೀಬೇಕು ಅಂತ ಯಾರಾದ್ರೂ ಕೇಳಿದ್ರಾ ಮೇಡಂ? ಕತ್ತಲೆ ಇದೆ ಅಂದ್ರು ಅಷ್ಟೇ. ಹೇಳಿದಷ್ಟು ಮಾಡೋಣ. ಬೀಸೋ ದೊಣ್ಣೆ ತಪ್ಪಿಸ್ಕೊಂಡ್ರೆ ಸಾವಿರ ವರ್ಷ ಆಯಸ್ಸು."

"ಹಳೇದು ಒಂದಿದೆಯಲ್ಲ ಸರ್. ಉರಿಸಿ ಆಗಿರೋದು. ಅದನ್ನ ಸೀಳಿ."

"ಅದು ಮಸಿ ಹಿಡಿದಿದೆ. ಮಸಿ ತೋರಿಸೋಕಾಗುತ್ತಾ ದೊಡ್ಡವರಿಗೆ?"

ದೊಡ್ಡಕ್ಕ ಮಾತಾಡಲಿಲ್ಲ. ನಿಯಮದ ಪ್ರಕಾರ, ಅವರು ಒಪ್ಪಿದ್ದಾರೆ ಎಂದು ಬರೆದುಕೊಂಡೆ.

ಎಂಜಿನ್ನನ್ನು ಎಲ್ಲಿ ಸೀಳಿದರೆ ಚೆನ್ನಾಗಿ ಕಾಣುತ್ತದೆ ಎಂಬುದು ಮಾಡಿದವರಿಗೇ ಗೊತ್ತು. ಹೀಗಾಗಿ ಸೀಳುವ ಗೌರವವನ್ನೂ ದೊಡ್ಡಕ್ಕನಿಗೇ ವಹಿಸಲಾಯಿತು. ಗರಗಸ ಶುರುವಾಗುವ ಮುಂಚೆ ಅವರು ಕೈಗವಸು ಹಾಕಿಕೊಂಡರು, ಟೋಪಿ ಸರಿಮಾಡಿಕೊಂಡರು, ಎಂಜಿನ್ನಿನ ಮೇಲಿದ್ದ ಧೂಳಿನ ಹೊದಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟರು.

"ಅಕ್ಕಾ, ಇನ್ನು ಧೂಳು ಬಿದ್ರೆ ಏನಾಗುತ್ತೆ?" ಎಂದು ತಂಡದವರೊಬ್ಬರು ಕೇಳಿದರು.

"ಸತ್ತವರ ಮುಖವನ್ನೂ ತೊಳೀತಾರಲ್ಲ," ಎಂದು ಅವರು ಗರಗಸದ ಗುಂಡಿ ಒತ್ತಿದರು.

ಈ ನಡುವೆ ಉರಿಕಟ್ಟೆಯಿಂದ ತಮ್ಮ ದಿನಾ ಫೋನು ಮಾಡುತ್ತಿದ್ದ. ಗರಗಸದ ಸದ್ದಿನಲ್ಲಿ ಕೇಳಿಸಲೆಂದು ದೊಡ್ಡಕ್ಕ ಸ್ಪೀಕರ್ ಹಾಕುತ್ತಿದ್ದರಿಂದ ಮಾತು ಎಲ್ಲರ ಕಿವಿಗೂ ಬೀಳುತ್ತಿತ್ತು.

"ಅಕ್ಕಾ, ಯಾವಾಗ ಕಳಿಸ್ತೀಯ? ಜಲಜನಕ ತುಂಬ್ಸಿಕೊಂಡು ಕೂತಿದೀನಿ. ಇದೇನು ನೀರಾ, ಮುಚ್ಚಿಟ್ರೆ ನಾಳೆಗೂ ಇರೋಕೆ? ಕೂತಲ್ಲೇ ಆವಿಯಾಗಿ ಹಾರಿಹೋಗ್ತಿದೆ."

"ಹಾರ್ಲಿ ಬಿಡೋ. ನಮ್ಮಲ್ಲಿ ಹಾರೋ ವಸ್ತು ಅಂತ ಅದೊಂದಾದ್ರೂ ಇರ್ಲಿ."

ಜಲಜನಕ ಹಾರಿಹೋಗುತ್ತಿರುವುದು ಆಡಳಿತ ಶಾಖೆಯ ಗಮನಕ್ಕೂ ಬಂದು, ಉರಿಕಟ್ಟೆಯ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಲಾಯಿತು. "ದ್ರವ ಜಲಜನಕವು ಮೇಲಧಿಕಾರಿಗಳ ಪೂರ್ವಾನುಮತಿ ಇಲ್ಲದೆ ಆವರಣ ಬಿಟ್ಟು ಹೋಗುತ್ತಿರುವುದು ಕಂಡುಬಂದಿದೆ. ಇನ್ನು ಮುಂದೆ ಆವಿಯಾಗುವಿಕೆಯನ್ನು ಕಚೇರಿ ವೇಳೆಗೆ ಸೀಮಿತಗೊಳಿಸತಕ್ಕದ್ದು." ಅದನ್ನು ಬರೆದವಳು ನಾನೇ. ಕಾಗುಣಿತದ ತಪ್ಪಿಲ್ಲವೆಂದು ಮೆಚ್ಚುಗೆ ಬಂತು.

ಸೀಳಿದ ಎಂಜಿನ್ನಿಗೆ ಬಣ್ಣ ಬಳಿಯಲಾಯಿತು. ಜಲಜನಕ ಹರಿಯುವಲ್ಲಿ ನೀಲಿ, ಆಮ್ಲಜನಕ ಹರಿಯುವಲ್ಲಿ ಹಸಿರು, ಬೆಂಕಿ ಇರಬೇಕಾದ ಕಡೆ ಕೇಸರಿ. ನೋಡಲು ಬಹಳ ಸುಂದರವಾಗಿತ್ತು ಎಂಬುದನ್ನು ಒಪ್ಪಲೇಬೇಕು. ಬಾಯಿ ಕಳೆದು ಮಲಗಿದ ಮೊಸಳೆಯ ಹಾಗೆ ಎಲ್ಲವನ್ನೂ ತೆರೆದಿಟ್ಟುಕೊಂಡಿತ್ತು. ಅಧ್ಯಕ್ಷರು ಮತ್ತೆ ಬಂದರು. ಸುತ್ತು ಬಂದರು. ಬಗ್ಗಲು ಒಂದು ತೂತು ಹುಡುಕಿದರು; ಸಿಗಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, "ಚೆನ್ನಾಗಿದೆ," ಎಂದರು. ಆ ಸ್ವರದಲ್ಲಿ ಚೆನ್ನಾಗಿರುವುದೇನೂ ಇರಲಿಲ್ಲ.

ನಿರ್ದೇಶಕರು ಮನೆಗೆ ಹೋಗದೆ ಯೋಚಿಸಿದರು. ವಾರದೊಳಗೆ ಸೀಳಿದ ಎಂಜಿನ್ನಿನ ಸುತ್ತ ಎತ್ತರದ ಗೋಡೆ ಕಟ್ಟಿ, ಗೋಡೆಯಲ್ಲಿ ಅಧ್ಯಕ್ಷರ ಸೊಂಟದ ಎತ್ತರಕ್ಕೆ ಸರಿಯಾಗಿ ಒಂದು ತೂತು ಕೊರೆಸಲಾಯಿತು. ಅಧ್ಯಕ್ಷರು ಮೂರನೆಯ ಸಲ ಬಂದು, ಬಗ್ಗಿ, ಎಡಗಣ್ಣು ಮುಚ್ಚಿ ನೋಡಿದರು.

"ಈಗ ಎಲ್ಲ ಸ್ಪಷ್ಟವಾಗಿದೆ," ಎಂದರು.

ಕಾರ್ಖಾನೆಯ ಇತಿಹಾಸದಲ್ಲಿ ಇಂಥ ಸಂತೋಷದ ದಿನ ಇನ್ನೊಂದಿಲ್ಲ.

ಬೇಡಿಕೆ ಬರಲು ತಡವಾಗಲಿಲ್ಲ. ಸಚಿವಾಲಯದ ಮೊಗಸಾಲೆಗೆ ಒಂದು, ವಿಮಾನ ನಿಲ್ದಾಣಕ್ಕೆ ಒಂದು, ಯಾವುದೋ ದೊಡ್ಡ ಶಾಲೆಗೆ ಒಂದು ಸೀಳು ಎಂಜಿನ್ ಬೇಕೆಂದು ಪತ್ರಗಳು ಬಂದವು. ಜೋಡಣೆ ಕೋಣೆಯ ಗೋಡೆಯ ಮೇಲಿದ್ದ ಕೆಲಸದ ಕ್ರಮವನ್ನು ತಿದ್ದಲಾಯಿತು. "ಉರಿಸಿ ನೋಡುವುದು" ಎಂದಿದ್ದ ಕಡೆ "ಸೀಳುವುದು" ಎಂದಾಯಿತು. ಅದೇ ಬಣ್ಣ, ಅದೇ ಅಕ್ಷರ. ಗಮನಿಸದವರಿಗೆ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಒಂದು ತೊಡಕು ಬಂದದ್ದು ಗುಣಮಟ್ಟ ಶಾಖೆಯಿಂದ. ಅಲ್ಲಿನ ಅಧಿಕಾರಿಯನ್ನು ಎಲ್ಲರೂ ಬೆನ್ನ ಹಿಂದೆ ಸೋರಿಕೆ ಸಾಹೇಬರು ಎನ್ನುತ್ತಿದ್ದರು. ಎಂಜಿನ್ನಿನೊಳಗೆ ಹೀಲಿಯಂ ತುಂಬಿಸಿ, ಎಲ್ಲಾದರೂ ಕೂದಲೆಳೆಯಷ್ಟು ಸೋರುತ್ತದೆಯೇ ಎಂದು ನೋಡುವುದು ಅವರ ಕೆಲಸ. ಹೊರಗೆ ಹೋಗುವ ಪ್ರತಿಯೊಂದು ಎಂಜಿನ್ನಿಗೂ ಕೊನೆಯ ಹಂತದಲ್ಲಿ ಸೋರಿಕೆ ಪರೀಕ್ಷೆ ಆಗಲೇಬೇಕೆಂದು ಅವರು ಪಟ್ಟು ಹಿಡಿದರು.

"ಸಾಹೇಬ್ರೇ, ಇದು ಸೀಳಿದ ಎಂಜಿನ್ನು. ಅರ್ಧವೇ ಇಲ್ಲ," ಎಂದರು ದೊಡ್ಡಕ್ಕ.

"ಇರೋ ಅರ್ಧಕ್ಕೆ ಪರೀಕ್ಷೆ ಮಾಡ್ತೀನಮ್ಮ. ಇಲ್ಲದೇ ಇರೋದಕ್ಕೆ ನಾನು ಹೊಣೆಯಲ್ಲ."

ಪರೀಕ್ಷೆ ನಡೆಯಿತು. ತುಂಬಿದ ಹೀಲಿಯಂ ತುಂಬಿದ ಹಾಗೆಯೇ ಹೊರಟುಹೋಯಿತು. ಸಾಹೇಬರು ಉಪಕರಣದ ಮುಳ್ಳನ್ನು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

"ಸ್ವಲ್ಪ ಸೋರ್ತಿದೆ," ಎಂದರು.

ಆಮೇಲೆ ಪರೀಕ್ಷಾ ನಿಯಮಕ್ಕೆ ಬಂದ ತಿದ್ದುಪಡಿ ಹೀಗಿತ್ತು: "ಸೋರಿಕೆಯು ಎಲ್ಲ ಕಡೆಯಿಂದಲೂ ಸಮಪ್ರಮಾಣದಲ್ಲಿ ಇದ್ದಲ್ಲಿ, ಅದನ್ನು ಸೋರಿಕೆ ಎಂದು ಪರಿಗಣಿಸತಕ್ಕದ್ದಲ್ಲ." ಅಂದಿನಿಂದ ನಮ್ಮ ಎಂಜಿನ್‌ಗಳು ಒಂದೂ ತಪ್ಪದೆ ಪಾಸಾದವು. ಗುಣಮಟ್ಟ ಪ್ರಶಸ್ತಿ ಬಂತು. ಸಾಹೇಬರಿಗೆ ಹೊಸ ಕುರ್ಚಿ ಬಂತು.

ಆದರೆ ಎಲ್ಲಕ್ಕಿಂತ ದೊಡ್ಡ ಸಾಧನೆ ಬೆಳಕಿಗೆ ಬಂದದ್ದು ವಾರ್ಷಿಕ ವರದಿ ಬರೆಯುವಾಗ. ಒಂದು ಎಂಜಿನ್ ಸೀಳಿದರೆ ಎರಡು ಭಾಗ ಸಿಗುತ್ತವೆ. ಎರಡನ್ನೂ ಬಣ್ಣ ಬಳಿದು ಬೇರೆ ಬೇರೆ ಊರಿಗೆ ಕಳಿಸಿದರೆ ಎರಡು ಎಂಜಿನ್. ಹೀಗೆ ಹೊಸದಾಗಿ ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳದೆ ನಮ್ಮ ಉತ್ಪಾದನೆ ದ್ವಿಗುಣವಾಯಿತು. ಬೇರೆ ದೇಶಗಳ ತಜ್ಞರು ಇದು ಹೇಗೆ ಸಾಧ್ಯವಾಯಿತು ಎಂದು ಕೇಳಿ ಪತ್ರ ಬರೆದರು. ಗೋಪ್ಯತೆಯ ಕಾರಣದಿಂದ ಉತ್ತರಿಸಲಿಲ್ಲ. ನಾಲ್ಕು ಹೋಳು ಮಾಡುವ ಪ್ರಸ್ತಾಪ ಈಗ ಪರಿಶೀಲನೆಯಲ್ಲಿದೆ.

ಉರಿಕಟ್ಟೆಯ ಮೇಲೆ ಕಣ್ಣು ಬಿದ್ದದ್ದು ಅದೇ ವರದಿಯಿಂದ. ಇಡೀ ವರ್ಷದಲ್ಲಿ ಅಲ್ಲಿ ಒಂದೂ ಎಂಜಿನ್ ಉರಿದಿರಲಿಲ್ಲ. ಉರಿಯದ ಕಡೆ ಉರಿಕಟ್ಟೆ ಯಾಕೆ ಎಂದು ಯಾರೋ ಕೇಳಿದರು. ನ್ಯಾಯವಾದ ಪ್ರಶ್ನೆ. ಉರಿಕಟ್ಟೆಯನ್ನು ಸಾರ್ವಜನಿಕರ ವೀಕ್ಷಣಾ ಮಂದಿರವಾಗಿ ಪರಿವರ್ತಿಸಿ, ಜಲಜನಕದ ತೊಟ್ಟಿಯನ್ನು ಹೂವಿನ ಕುಂಡ ಮಾಡುವವರಿಗೆ ಕೊಡಬೇಕೆಂದು ಆದೇಶವಾಯಿತು. ತಮ್ಮನ ಹುದ್ದೆಯ ಹೆಸರು ಬದಲಾಗಿ ಆಸನ ವ್ಯವಸ್ಥಾಪಕ ಎಂದಾಯಿತು.

ಆ ದಿನ ಅವನು ಫೋನು ಮಾಡಲಿಲ್ಲ, ಖುದ್ದಾಗಿ ಬಂದ. ಕ್ಯಾಂಟೀನಿನಲ್ಲಿ ಅಕ್ಕನ ಎದುರು ಕೂತು ಚಹಾ ಆರಿಸುತ್ತಾ ಆರಿಸುತ್ತಾ ಕುಡಿಯುವುದನ್ನೇ ಮರೆತ. ಪಕ್ಕದ ಮೇಜಿನಲ್ಲಿ ನಾನು ಇನ್ನೊಂದು ಫಲಕ ಬರೆಯುತ್ತಿದ್ದೆ.

"ಕುರ್ಚಿ ಹಾಕಿಸ್ತಿದಾರೆ ಕಣಕ್ಕ. ಕೆಂಪು ಕುರ್ಚಿ. ಬೆಂಕಿ ಬೀಳೋ ಜಾಗದ ಎದುರಿಗೆ."

"ಆದೇಶ ನೋಡಿದೆ."

"ಒಂದು ಸಲ. ಒಂದೇ ಒಂದು ಸಲ ನಿನ್ನ ಎಂಜಿನ್ನು ಅಲ್ಲಿ ಉರೀಬೇಕಿತ್ತು. ಆಮೇಲೆ ಕುರ್ಚಿಯಾದ್ರೂ ಹಾಕ್ಲಿ, ತೊಟ್ಟಿಲಾದ್ರೂ ಕಟ್ಲಿ."

"ಉರಿಯದ ಎಂಜಿನ್ ಎಂಜಿನ್ನಲ್ಲ ಕಣೋ, ಪಾತ್ರೆ," ಎಂದರು ದೊಡ್ಡಕ್ಕ. "ನಾನು ಇಷ್ಟು ವರ್ಷ ಮಾಡಿರೋದು ಪಾತ್ರೆಯೋ ಎಂಜಿನ್ನೋ ಅಂತ ನನಗೇ ಗೊತ್ತಿಲ್ಲ. ಅದೊಂದು ಗೊತ್ತಾಗದೆ ನಾನು ಈ ಜಾಗ ಬಿಟ್ಟು ಹೋಗಲ್ಲ."

ಚಹಾ ಆರಿತು. ಅವರು ಅವನ ಲೋಟವನ್ನೇ ಎತ್ತಿ ಗಟಗಟ ಕುಡಿದರು.

"ಕುರ್ಚಿ ಯಾವಾಗ ಬರುತ್ತೆ?"

"ಮುಂದಿನ ವಾರ."

"ತೊಟ್ಟಿ ಇನ್ನೂ ಇದೆ ತಾನೆ?"

"ಇದೆ. ಜಲಜನಕ ತುಂಬ್ಸೋದು ನಿಲ್ಲಿಸಿ ಅಂತಾನೂ ಯಾರೂ ಹೇಳಿಲ್ಲ. ಕುಂಡದವರು ಇನ್ನೂ ಬಂದಿಲ್ಲ."

"ಹಾಗಿದ್ರೆ ಅವರು ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ ತೂರೋಣ," ಎಂದು ಎದ್ದರು. ನನ್ನ ಮೇಜಿನ ಹತ್ತಿರ ನಿಂತು, "ನೀನೇನೂ ಕೇಳಿಸ್ಕೊಂಡಿಲ್ಲ ಅಲ್ವಾ ಮರಿ?" ಎಂದರು. ನಾನು ಉತ್ತರ ಕೊಡಲಿಲ್ಲ. ನಿಯಮ ಅವರಿಗೂ ಗೊತ್ತಿತ್ತು.

ಮರುದಿನ ಅವರು ನಿರ್ದೇಶಕರ ಕೋಣೆಗೆ ಹೋದರು. ಬರೆದುಕೊಳ್ಳಲು ನಾನಿದ್ದೆ.

"ಸರ್, ಸೀಳಿದ ಎಂಜಿನ್ ಎಲ್ಲಾ ಕಡೆ ಇದೆ. ಆದ್ರೆ ಸೀಳೋಕೆ ಮುಂಚೆ ಅದು ಹೇಗಿರುತ್ತೆ ಅಂತ ಜನಕ್ಕೆ ಗೊತ್ತೇ ಇಲ್ಲ."

ನಿರ್ದೇಶಕರು ಪೆನ್ನು ಕೆಳಗಿಟ್ಟರು. "ಅಂದ್ರೆ?"

"ಸೀಳೋಕೆ ಅಂತ ಸಿದ್ಧವಾಗಿರೋ ಒಂದನ್ನ ಸೀಳದೆ ವೀಕ್ಷಣಾ ಮಂದಿರದಲ್ಲಿ ತೂಗುಹಾಕಿದ್ರೆ ಹೇಗೆ? ಇಡೀ ದೇಶದಲ್ಲಿ ಅದೊಂದೇ."

"ಇಡಿಯಾಗಿ?"

"ಇಡಿಯಾಗಿ."

"ಯಾರಿಗೂ ಹೊಳೆದಿರ್ಲಿಲ್ಲ ನೋಡಿ ಇದು," ಎಂದರು ನಿರ್ದೇಶಕರು. "ಆದ್ರೆ ನೈಜವಾಗಿ ಕಾಣ್ಬೇಕು ಮೇಡಂ."

"ನೈಜವಾಗಿ ಕಾಣ್ಬೇಕು ಅಂದ್ರೆ ಪೈಪು ಜೋಡಿಸ್ಬೇಕು ಸರ್."

"ಜೋಡಿಸಿ."

"ಪೈಪು ನೈಜವಾಗಿ ಕಾಣ್ಬೇಕು ಅಂದ್ರೆ ಮೇಲೆ ಹಿಮ ಕಟ್ಟಿರ್ಬೇಕು."

"ಕಟ್ಟಿಸಿ."

"ಹಿಮ ಕಟ್ಬೇಕು ಅಂದ್ರೆ ಒಳಗೆ ಜಲಜನಕ, ಆಮ್ಲಜನಕ ಎರಡನ್ನೂ ಬಿಡ್ಬೇಕು."

"ಬಿಡಿ, ಬಿಡಿ. ಹೇಗೂ ತೊಟ್ಟಿ ಖಾಲಿ ಮಾಡ್ಲೇಬೇಕಲ್ಲ. ಸಂಜೆ ಹೊತ್ತಿಗೆ ಗುಡಿಸಿ ಸ್ವಚ್ಛ ಮಾಡ್ಬಿಡಿ."

ಸೋರಿಕೆ ಸಾಹೇಬರು ಮಾತ್ರ ತಕರಾರು ತೆಗೆದರು. ಈ ಎಂಜಿನ್ ಎಲ್ಲಿಯೂ ಸೋರುತ್ತಿಲ್ಲ, ಸಮಪ್ರಮಾಣದ ಸೋರಿಕೆಯ ನಿಯಮಕ್ಕೆ ಇದು ಹೊಂದುವುದಿಲ್ಲ ಎಂದು ಅವರ ವಾದ. ದೊಡ್ಡಕ್ಕ ಅವರಿಗೆ ಸಮಾಧಾನ ಹೇಳಿದರು: "ಎಲ್ಲ ಕಡೆಯಿಂದ್ಲೂ ಸೊನ್ನೆ ಸೋರ್ತಿದೆ ಸಾಹೇಬ್ರೇ. ಸೊನ್ನೆ ಸೊನ್ನೆ ಸಮವೇ ತಾನೆ?" ಸಾಹೇಬರು ಯೋಚಿಸಿ, ಲೆಕ್ಕ ಹಾಕಿ, ಸಹಿ ಮಾಡಿದರು.

ಉದ್ಘಾಟನೆಯ ದಿನ ಬಿಸಿಲು ಚೆನ್ನಾಗಿತ್ತು. ಕೆಂಪು ಕುರ್ಚಿಗಳ ಮೇಲೆ ಆಹ್ವಾನಿತರು ಕೂತಿದ್ದರು. ಎದುರಿಗೆ, ದಪ್ಪ ಗೋಡೆಗಳ ನಡುವೆ, ದೊಡ್ಡಕ್ಕನ ಎಂಜಿನ್ ಬಾಯಿ ಕೆಳಗೆ ಮಾಡಿ ತೂಗುತ್ತಿತ್ತು. ಅದರ ಕೆಳಗೆ ಮೆಟ್ಟಿಲಿನ ಒಂದು ಅಟ್ಟಣಿಗೆ. ಪಕ್ಕದ ಗಾಜಿನ ಕೋಣೆಯಲ್ಲಿ ಆಸನ ವ್ಯವಸ್ಥಾಪಕ ತನ್ನ ಹಳೆಯ ಜಾಗದಲ್ಲೇ, ಹಳೆಯ ಗುಂಡಿಗಳ ಮುಂದೆ ಕೂತಿದ್ದ. ನನ್ನ ಫಲಕ ಎಂಜಿನ್ನಿನ ಪಕ್ಕದಲ್ಲೇ ಇತ್ತು: "ಸೀಳುವ ಮುನ್ನ. ದಯವಿಟ್ಟು ಮುಟ್ಟಬೇಡಿ."

ಪೈಪುಗಳ ಮೇಲೆ ಹಿಮ ಕಟ್ಟತೊಡಗಿತು. ಮೊದಲು ಉಸಿರು ತಗುಲಿದ ಕನ್ನಡಿಯಂತೆ ಮಸುಕು, ಆಮೇಲೆ ಬೆಳ್ಳನೆ ಪದರ. ಬಿಳಿ ಹೊಗೆ ಕೆಳಗಿಳಿದು ಕುರ್ಚಿಯ ಕಾಲುಗಳ ನಡುವೆ ಹರಿಯಿತು. ಆಹ್ವಾನಿತರು ಕಾಲು ಮೇಲೆತ್ತಿಕೊಂಡು ಚಪ್ಪಾಳೆ ತಟ್ಟಿದರು. ಪಂಪು ಎಲ್ಲೋ ಒಳಗೆ ಸಣ್ಣಗೆ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರ ಹಾಗೆ, ಟಿಕ್ಕೆಂದಿತು. ದೊಡ್ಡಕ್ಕ ಆ ಸದ್ದಿಗೆ ತಲೆ ಎತ್ತಿದರು. ಎಂಜಿನ್ನಿನ ಎದುರು ಅವರ ಮುಖವನ್ನು ಟೋಪಿ, ಮುಸುಕು ಇಲ್ಲದೆ ನಾನು ನೋಡಿದ್ದು ಅದೇ ಮೊದಲು. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗಿಯ ಮುಖ.

ಗಾಜಿನಾಚೆಯಿಂದ ಅವರ ತಮ್ಮ ಹೆಬ್ಬೆರಳು ಎತ್ತಿ ತೋರಿಸಿದ.

ಅಧ್ಯಕ್ಷರು ರಿಬ್ಬನ್ ಕತ್ತರಿಸಿದರು. ಅಟ್ಟಣಿಗೆ ಹತ್ತಿದರು. ಎಂಜಿನ್ನಿನ ಬಾಯಿ ತಲೆಯ ಮೇಲಿದ್ದರಿಂದ ಬಗ್ಗುವ ಬದಲು ಅವರು ಕತ್ತು ಹಿಂದಕ್ಕೆ ಚೆಲ್ಲಿ, ಮುಖವನ್ನು ಪೂರ್ತಿ ಅದರೊಳಗಿಟ್ಟರು. ಎಡಗಣ್ಣು ಮುಚ್ಚಿದರೋ ಇಲ್ಲವೋ, ಹೊರಗಿನವರಿಗೆ ಕಾಣಲಿಲ್ಲ. ಒಳಗಿನಿಂದ ಅವರ ದನಿ ಗುಡುಗಿನ ಹಾಗೆ ಬಂತು.

"ಒಳಗೆ ಕತ್ತಲೆ ಇದೆಯಲ್ಲ."

ನಿರ್ದೇಶಕರು ಬರೆದುಕೊಂಡರು. ಸೋರಿಕೆ ಸಾಹೇಬರು ಬರೆದುಕೊಂಡರು. ಮೊದಲ ಸಾಲಿನವರು ಕೂಡ ಚೀಟಿ ಹುಡುಕಿ ಬರೆದುಕೊಂಡರು. ಮರುದಿನವೇ ಇದನ್ನೂ ಸೀಳಲಾಗುವುದೆಂದು ಎಲ್ಲರಿಗೂ ಅರ್ಥವಾಗಿತ್ತು; ಯಾರಿಗೂ ಬೇಸರವಿರಲಿಲ್ಲ.

ದೊಡ್ಡಕ್ಕ ಅಟ್ಟಣಿಗೆಯ ಮೊದಲ ಮೆಟ್ಟಿಲ ಮೇಲೆ ನಿಂತರು.

"ಬೆಳಕಿನ ವ್ಯವಸ್ಥೆ ಇದೆ ಸರ್," ಎಂದರು. "ತಮ್ಮ ಒಪ್ಪಿಗೆ ಇದ್ರೆ ಒಂದೇ ಒಂದು ಸಲ ಹಚ್ಚಿ ತೋರಿಸ್ತೀವಿ."

ಅಧ್ಯಕ್ಷರು ಉತ್ತರ ಕೊಡಲಿಲ್ಲ. ನಾನು ನಿಯಮದ ಪ್ರಕಾರ ಬರೆದುಕೊಂಡೆ. ನಾನು ಬರೆದುಕೊಂಡದ್ದನ್ನು ದೊಡ್ಡಕ್ಕ ನೋಡಿದರು, ಗಾಜಿನಾಚೆಯಿಂದ ತಮ್ಮ ನೋಡಿದ. ಅವನ ಬೆರಳು ಗುಂಡಿಯ ಮೇಲೆ ಬಂದು ನಿಂತಿತು. ಅಧ್ಯಕ್ಷರ ತಲೆ ಮಾತ್ರ ಎಂಜಿನ್ನಿನ ಒಳಗೇ ಇತ್ತು.

ಬಿಳಿ ಹೊಗೆ ಅವರ ಬೂಟುಗಳನ್ನು ಮುಚ್ಚಿತು.

"ಸರ್," ಎಂದರು ದೊಡ್ಡಕ್ಕ, ತುಂಬಾ ಮೆತ್ತಗೆ. "ಸ್ವಲ್ಪ ಈ ಕಡೆ ಬರ್ತೀರಾ?"